ಗೆರೆ ದಪ್ಪಗಿದ್ದರೆ ಧಾತು ಹೆಚ್ಚೇ?

ಕಳೆದ ಜನವರಿಯಲ್ಲಿ ಬೋಧನಾಭ್ಯಾಸದ ವೀಕ್ಷಣೆಗಾಗಿ ಅರೇಹಳ್ಳಿಯ ಪ್ರೌಢಶಾಲೆಯೊಂದಕ್ಕೆ ಹೋಗಿದ್ದೆ. ಕಾಫಿ ಕೊಯ್ಲಿನ ದಿನಗಳು. ಹತ್ತನೆಯ ತರಗತಿಯ ಹಿಂದಿನ ಎರಡು ಬೆಂಚುಗಳು ಖಾಲಿಯಿದ್ದವು, ಅವುಗಳಲ್ಲೊಂದರಲ್ಲಿ ಕುಳಿತೆ. ಪ್ರಶಿಕ್ಷಣಾರ್ಥಿ ಆರಿಸಿಕೊಂಡಿದ್ದ ಪಾಠ ಬೆಳಕಿನ ವರ್ಣವಿಭಜನೆ. ಪಟ್ಟಕದಿಂದ ಬಣ್ಣಗಳನ್ನು ಬಿಡಿಸಿ ತೋರಿಸಿದ ಮೇಲೆ ಆಕೆ ಪಠ್ಯದಲ್ಲಿಲ್ಲದ ಒಂದು ಚಾರ್ಟನ್ನು ತೂಗುಹಾಕಿದರು. ಸೂರ್ಯನ ರೋಹಿತ, ಅದರ ನಡುನಡುವೆ ಕಪ್ಪು ಗೆರೆಗಳು. "ಒಂದೊಂದು ಗೆರೆಯೂ ಒಂದೊಂದು ಧಾತುವಿನ ಬೆರಳಚ್ಚು ಇದ್ದ ಹಾಗೆ. ಗೆರೆ ದಪ್ಪಗಿದ್ದಷ್ಟೂ ಆ ಧಾತು ಸೂರ್ಯನಲ್ಲಿ ಹೆಚ್ಚು" ಎಂದರು.

ಒಬ್ಬ ಹುಡುಗ ಎದ್ದು ನಿಂತ. ಚಾರ್ಟಿನ ನೇರಳೆ ಅಂಚಿನಲ್ಲಿ ಎರಡು ದಪ್ಪ ಗೆರೆಗಳಿದ್ದವು, ಕೆಳಗೆ 'ಕ್ಯಾಲ್ಸಿಯಂ' ಎಂದು ಬರೆದಿತ್ತು. ಕೆಂಪು ಭಾಗದಲ್ಲಿದ್ದ ಹೈಡ್ರೋಜನ್ ಗೆರೆ ಅಷ್ಟು ದಪ್ಪವಿರಲಿಲ್ಲ. "ಹಂಗಾದ್ರೆ ಸೂರ್ಯನಲ್ಲಿ ಹೈಡ್ರೋಜನ್‌ಗಿಂತ ಕ್ಯಾಲ್ಸಿಯಮ್ಮೇ ಜಾಸ್ತಿನಾ ಮಿಸ್?" ಎಂದು ಕೇಳಿದ. ಆಕೆ ಒಂದು ಕ್ಷಣ ಚಾರ್ಟ್ ನೋಡಿದರು. "ಇಲ್ಲಪ್ಪ, ಸೂರ್ಯನಲ್ಲಿ ಹೈಡ್ರೋಜನ್ನೇ ಹೆಚ್ಚು. ಹಾಗೇ ಬರ್ಕೊ, ಕೂತ್ಕೊ" ಎಂದು ಮುಂದಕ್ಕೆ ಹೋದರು.

ನಾನು ವೀಕ್ಷಣಾ ಪುಸ್ತಕದಲ್ಲಿ ಬರೆದ ಷರಾ ಹೀಗಿತ್ತು: 'ವಿದ್ಯಾರ್ಥಿಯ ಪ್ರಶ್ನೆಯನ್ನು ಸಮಯೋಚಿತವಾಗಿ ನಿಭಾಯಿಸಿದ್ದಾರೆ.' ಬೇಲೂರಿಗೆ ಹೋಗುವ ಬಸ್ಸಿನಲ್ಲಿ ಆಕೆಯೇ ಮಾತು ತೆಗೆದರು: "ಸರ್, ಆ ಹುಡುಗ ಕೇಳಿದ್ದು ಸರಿಯಾಗೇ ಇತ್ತಲ್ವಾ? ನಾನು ಹೇಳಿದ ನಿಯಮದ ಪ್ರಕಾರ ಕ್ಯಾಲ್ಸಿಯಮ್ಮೇ ಹೆಚ್ಚಿರಬೇಕಲ್ವಾ?" ನನ್ನಲ್ಲಿ ಉತ್ತರ ಸಿದ್ಧವಿರಲಿಲ್ಲ. ಇಪ್ಪತ್ತು ವರ್ಷಗಳಿಂದ ವಿಜ್ಞಾನ ಬೋಧನಾ ವಿಧಾನವನ್ನು ಕಲಿಸುತ್ತಿರುವ ನಾನು ತಪ್ಪು ನಿಯಮವೊಂದಕ್ಕೆ 'ಉತ್ತಮ' ಎಂದು ಬರೆದುಕೊಟ್ಟಿದ್ದೆ.

ಆಮೇಲೆ ಹುಡುಕಿ ಓದುತ್ತಾ ಹೋದಾಗ ಆ ಹುಡುಗನ ಪ್ರಶ್ನೆ ನನ್ನನ್ನು ಬಹಳ ದೂರಕ್ಕೆ ಕರೆದೊಯ್ದಿತು: ನಮ್ಮ ಆಕಾಶಗಂಗೆಯ ಸುತ್ತಲಿರುವ ಕುಬ್ಜ ಗೆಲಾಕ್ಸಿಗಳಿಗೆ, ಅಲ್ಲಿಂದ ತಿರುಗಿ ಬೆಂಗಳೂರಿನ ಒಂದು ಸಂಶೋಧನೆಗೆ. ಆ ಸಂಶೋಧನೆಯಲ್ಲಿ ವಿಜ್ಞಾನಿಗಳು ಎದುರಿಸಿದ್ದೂ ಹೆಚ್ಚುಕಡಿಮೆ ಇದೇ ಪ್ರಶ್ನೆ. ಓದಿದ್ದನ್ನು ನಮ್ಮ ಪ್ರಶಿಕ್ಷಣಾರ್ಥಿಗಳಿಗೆ ಉಪಯೋಗವಾಗುವಂತೆ ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಗೆರೆಯ ವಿಷಯ. ಸ್ಪಿರಿಟ್ ದೀಪದ ಜ್ವಾಲೆಗೆ ಚಿಟಿಕೆ ಅಡುಗೆ ಉಪ್ಪು ಹಾಕಿದರೆ ಜ್ವಾಲೆ ಹಳದಿಯಾಗುತ್ತದೆ. ಅದು ಸೋಡಿಯಂನ ಬಣ್ಣ. ರೋಹಿತದರ್ಶಕದಲ್ಲಿ ನೋಡಿದರೆ 589 ನ್ಯಾನೋಮೀಟರ್ ಹತ್ತಿರ ಜೋಡಿ ಗೆರೆ. ಅದೇ ಸೋಡಿಯಂ ಆವಿ ಒಂದು ಪ್ರಖರ ಬೆಳಕಿನ ಮುಂದೆ ತುಸು ತಣ್ಣಗಿದ್ದರೆ ಆ ಬಣ್ಣವನ್ನೇ ಹೀರಿಕೊಂಡು, ಅದೇ ಜಾಗದಲ್ಲಿ ಕಪ್ಪು ಗೆರೆ ಮೂಡಿಸುತ್ತದೆ. ಸೂರ್ಯನ ರೋಹಿತದ ಕಪ್ಪು ಗೆರೆಗಳನ್ನು ಫ್ರಾನ್‌ಹೋಫರ್ 1814ರ ಸುಮಾರಿಗೆ ಗುರುತು ಹಾಕಿಟ್ಟಿದ್ದರು. ಅವು ಧಾತುಗಳ ಗುರುತು ಎಂದು 1859ರಲ್ಲಿ ಕಿರ್ಕಾಫ್ ಮತ್ತು ಬುನ್ಸೆನ್ ತೋರಿಸಿದರು. ಗೆರೆ ಎಲ್ಲಿದೆ ಎಂಬುದರಿಂದ ಧಾತು ಯಾವುದು ಎಂದು ತಿಳಿಯುತ್ತದೆ. ಇಷ್ಟರ ಮಟ್ಟಿಗೆ ನಮ್ಮ ಪ್ರಶಿಕ್ಷಣಾರ್ಥಿ ಹೇಳಿದ್ದು ಸರಿ.

ಧಾತು ಎಷ್ಟಿದೆ ಎಂಬುದು ಬೇರೆ ಪ್ರಶ್ನೆ. ನಾವು ತರಗತಿಯಲ್ಲಿ ಪ್ರಶ್ನೆ ಕೇಳಿದಾಗ ಎಷ್ಟು ಕೈಗಳು ಮೇಲೇಳುತ್ತವೆ ಎಂಬುದರಿಂದ ತರಗತಿಯಲ್ಲಿ ಎಷ್ಟು ಮಕ್ಕಳಿದ್ದಾರೆ ಎಂದು ಹೇಳಲಾಗುತ್ತದೆಯೇ? ಸುಲಭದ ಪ್ರಶ್ನೆಗೆ ಇಪ್ಪತ್ತು ಮಕ್ಕಳ ತರಗತಿಯಲ್ಲಿ ಹತ್ತೊಂಬತ್ತು ಕೈ ಏಳಬಹುದು, ಕಷ್ಟದ ಪ್ರಶ್ನೆಗೆ ಅರವತ್ತು ಮಕ್ಕಳಲ್ಲಿ ಒಂದೇ ಕೈ. ಗೆರೆಯ ದಪ್ಪ ಎನ್ನುವುದು ಎದ್ದ ಕೈಗಳ ಎಣಿಕೆ, ಹಾಜರಿ ಪುಸ್ತಕವಲ್ಲ.

ಸೂರ್ಯನ ಲೆಕ್ಕವನ್ನೇ ನೋಡಿ. ಅದರ ಹೊರಪದರದಲ್ಲಿ ನೂರು ಕೋಟಿ ಹೈಡ್ರೋಜನ್ ಪರಮಾಣುಗಳಿಗೆ ಕ್ಯಾಲ್ಸಿಯಂ ಪರಮಾಣುಗಳು ಎರಡು ಸಾವಿರದಷ್ಟು. ಹೈಡ್ರೋಜನ್ ಕಣ್ಣಿಗೆ ಕಾಣುವ ಬೆಳಕನ್ನು ಹೀರಬೇಕಾದರೆ ಅದರ ಎಲೆಕ್ಟ್ರಾನ್ ಮೊದಲೇ ಎರಡನೆಯ ಕವಚಕ್ಕೆ ಏರಿರಬೇಕು. ಸೂರ್ಯನ ಮೇಲ್ಮೈ ತಾಪದಲ್ಲಿ, ಅಂದರೆ ಸುಮಾರು 5,500 ಡಿಗ್ರಿ ಸೆಲ್ಸಿಯಸ್‌ನಲ್ಲಿ, ಹಾಗೆ ಏರಿ ಕುಳಿತಿರುವವು ನೂರು ಕೋಟಿಗೆ ಐದರಷ್ಟು ಮಾತ್ರ. ಕ್ಯಾಲ್ಸಿಯಂನದು ಬೇರೆ ಕತೆ. ಆ ತಾಪದಲ್ಲಿ ಬಹುಪಾಲು ಕ್ಯಾಲ್ಸಿಯಂ ಪರಮಾಣುಗಳು ಒಂದು ಎಲೆಕ್ಟ್ರಾನ್ ಕಳೆದುಕೊಂಡಿರುತ್ತವೆ, ಮತ್ತು ಆ ಸ್ಥಿತಿಯಲ್ಲಿ ಅವು ನೇರಳೆ ಅಂಚಿನ ಬೆಳಕನ್ನು ಹೀರಲು ತಯಾರಾಗಿಯೇ ಇರುತ್ತವೆ. ಒಂದು ಕಡೆ ಐದು ಕೈ, ಇನ್ನೊಂದು ಕಡೆ ಎರಡು ಸಾವಿರದಷ್ಟು. ಚಾರ್ಟಿನಲ್ಲಿ ಕ್ಯಾಲ್ಸಿಯಂ ಗೆರೆ ದಪ್ಪಗಿದ್ದುದು ಇದಕ್ಕೇ.

ಯಾವ ತಾಪದಲ್ಲಿ ಎಷ್ಟು ಪರಮಾಣುಗಳು ಎಲೆಕ್ಟ್ರಾನ್ ಕಳೆದುಕೊಂಡಿರುತ್ತವೆ ಎಂದು ಲೆಕ್ಕ ಹಾಕುವ ಸೂತ್ರವನ್ನು 1920ರಲ್ಲಿ ಕೊಟ್ಟವರು ನಮ್ಮ ಮೇಘನಾದ ಸಹಾ. ಅದನ್ನು ಬಳಸಿ 1925ರಲ್ಲಿ ಸೆಸಿಲಿಯಾ ಪೇನ್ ತಮ್ಮ ಪ್ರಬಂಧದಲ್ಲಿ ನಕ್ಷತ್ರಗಳಲ್ಲಿ ಹೈಡ್ರೋಜನ್ ಮಿಕ್ಕೆಲ್ಲಕ್ಕಿಂತ ಬಹಳ ಹೆಚ್ಚು ಎಂಬ ಉತ್ತರಕ್ಕೆ ಬಂದರು. ಆ ಕಾಲದ ಹಿರಿಯ ಖಗೋಳಜ್ಞ ಹೆನ್ರಿ ನೋರಿಸ್ ರಸೆಲ್ ಅದನ್ನು ಒಪ್ಪಲಿಲ್ಲ. ಹಾಗಾಗಿ ಆಕೆ ಈ ಫಲಿತಾಂಶ ನಿಜವಿರಲಾರದು ಎಂದು ತಾವೇ ಬರೆಯಬೇಕಾಯಿತು. ನಾಲ್ಕು ವರ್ಷದ ಮೇಲೆ, 1929ರಲ್ಲಿ, ರಸೆಲ್ ಬೇರೆ ದಾರಿಯಿಂದ ಅದೇ ಉತ್ತರಕ್ಕೆ ಬಂದು ಒಪ್ಪಿಕೊಂಡರು. ಹಿರಿಯರ ಷರಾ ಎಷ್ಟು ಕೆಲಸ ಕೆಡಿಸಬಲ್ಲದು ಎಂಬುದಕ್ಕೆ ನನ್ನದೇನೂ ಮೊದಲ ಉದಾಹರಣೆಯಲ್ಲ.

ಇನ್ನು ಕುಬ್ಜ ಗೆಲಾಕ್ಸಿಗಳು. ನಮ್ಮ ಆಕಾಶಗಂಗೆಯಲ್ಲಿ ಹತ್ತು ಸಾವಿರ ಕೋಟಿಗೂ ಹೆಚ್ಚು ನಕ್ಷತ್ರಗಳಿವೆ. ಅದರ ಸುತ್ತ ಹಲವು ಪುಟ್ಟ ಗೆಲಾಕ್ಸಿಗಳು ಸುತ್ತುತ್ತಿವೆ. ಕೆಲವಕ್ಕೆ ಕೋಟಿಗಟ್ಟಲೆ ನಕ್ಷತ್ರಗಳು, ಕೆಲವಕ್ಕೆ ಬರೀ ಕೆಲವು ಸಾವಿರ. 1938ರಲ್ಲಿ ಹಾರ್ಲೊ ಶಾಪ್ಲೆ ದಕ್ಷಿಣ ಆಫ್ರಿಕಾದಲ್ಲಿ ತೆಗೆದ ಫೋಟೋ ಫಲಕಗಳ ಮೇಲೆ ಮಸುಕಾದ ಕಲೆಯಂತಿದ್ದ ಸ್ಕಲ್ಪ್ಟರ್ ಮತ್ತು ಫಾರ್ನಾಕ್ಸ್ ಎಂಬ ಎರಡನ್ನು ಗುರುತಿಸಿದರು. ಸ್ಕಲ್ಪ್ಟರ್ ನಮ್ಮಿಂದ ಸುಮಾರು 2,80,000 ಜ್ಯೋತಿರ್ವರ್ಷ ದೂರದಲ್ಲಿದೆ. ಅಷ್ಟು ದೂರದ ಒಂದೊಂದೇ ನಕ್ಷತ್ರದ ಬೆಳಕನ್ನು ರೋಹಿತವಾಗಿ ಬಿಡಿಸಿ ಧಾತುಗಳನ್ನು ಅಳೆಯಲು ಎಂಟು-ಹತ್ತು ಮೀಟರ್ ಅಗಲದ ಕನ್ನಡಿಯ ದೂರದರ್ಶಕಗಳು ಬರಬೇಕಾಯಿತು. ಆ ಕೆಲಸ ವೇಗ ಪಡೆದದ್ದು 2000ದ ಆಸುಪಾಸಿನಲ್ಲಿ.

ಇಲ್ಲೊಂದು ಎಚ್ಚರಿಕೆ. ಖಗೋಳಜ್ಞರು ಹೈಡ್ರೋಜನ್ ಮತ್ತು ಹೀಲಿಯಂ ಬಿಟ್ಟು ಉಳಿದ ಎಲ್ಲವನ್ನೂ 'ಲೋಹ' ಎನ್ನುತ್ತಾರೆ. ಆಕ್ಸಿಜನ್ ಕೂಡ ಅವರಿಗೆ ಲೋಹ! ಹಿಂದಿನ ಪಿರಿಯಡ್‌ನಲ್ಲಿ ಲೋಹ-ಅಲೋಹ ಪಾಠ ಮಾಡಿ ಬಂದವರು ಇದನ್ನು ತರಗತಿಯಲ್ಲಿ ಬಳಸಿದರೆ ಗೊಂದಲ ಗ್ಯಾರಂಟಿ. 'ಭಾರದ ಧಾತು' ಎಂದರೆ ಸಾಕು.

ಭಾರದ ಧಾತುಗಳ ಬಗ್ಗೆ ಮಕ್ಕಳಿಗೆ ಹೇಳಬೇಕಾದ ಮೂಲ ಸಂಗತಿ ಇದು. ವಿಶ್ವದ ಆರಂಭದಲ್ಲಿ ಇದ್ದದ್ದು ಹೈಡ್ರೋಜನ್, ಹೀಲಿಯಂ, ಚೂರು ಲೀಥಿಯಂ. ಉಳಿದದ್ದೆಲ್ಲ ಬಹುತೇಕ ನಕ್ಷತ್ರಗಳ ಒಡಲಲ್ಲಿ ಅಥವಾ ಅವುಗಳ ಸ್ಫೋಟದಲ್ಲಿ ತಯಾರಾದದ್ದು. ಸ್ಫೋಟಗೊಂಡದ್ದು ಸುತ್ತಲ ಅನಿಲಕ್ಕೆ ಸೇರುತ್ತದೆ, ಆ ಅನಿಲದಿಂದ ಮುಂದಿನ ಪೀಳಿಗೆಯ ನಕ್ಷತ್ರಗಳು ಹುಟ್ಟುತ್ತವೆ. ತೋಟದಲ್ಲಿ ಉದುರಿದ ಎಲೆ ಮಣ್ಣಾಗಿ, ಅದೇ ಮಣ್ಣಿನಿಂದ ಮುಂದಿನ ಚಿಗುರು ಬರುವ ಹಾಗೆ. ಒಂದು ಸಣ್ಣ ನಕ್ಷತ್ರ ಸಾವಿರ ಕೋಟಿ ವರ್ಷಕ್ಕೂ ಹೆಚ್ಚು ಬದುಕುತ್ತದೆ, ಮತ್ತು ಅದರ ಹೊರಪದರದ ಕಬ್ಬಿಣ ಹುಟ್ಟಿದಾಗ ಎಷ್ಟಿತ್ತೋ ಹೆಚ್ಚುಕಡಿಮೆ ಅಷ್ಟೇ ಉಳಿದಿರುತ್ತದೆ. ಆದ್ದರಿಂದ ಹಳೆಯ ನಕ್ಷತ್ರದ ರೋಹಿತವನ್ನು ಓದುವುದೆಂದರೆ ಅದು ಹುಟ್ಟಿದ ಕಾಲದ ಮಣ್ಣಿನ ಪರೀಕ್ಷೆ ಮಾಡಿದಂತೆ.

ಆ ಮಣ್ಣಿನ ಹೋಲಿಕೆಯನ್ನು ಇನ್ನೊಂದು ಹೆಜ್ಜೆ ಎಳೆಯಬಹುದು. ಅರೇಹಳ್ಳಿ ಕಡೆಯ ಮಕ್ಕಳಿಗೆ ಇಳಿಜಾರಿನ ತೋಟವೂ ಗೊತ್ತು, ಕೆಳಗಿನ ಗದ್ದೆಯೂ ಗೊತ್ತು. ಮುಂಗಾರಿನ ಮಳೆಗೆ ಇಳಿಜಾರಿನ ಮೇಲ್ಮಣ್ಣು ಕೊಚ್ಚಿಹೋಗುತ್ತದೆ. ಎಷ್ಟು ಗೊಬ್ಬರ ಹಾಕಿದರೂ ನಿಲ್ಲುವುದು ಕಡಿಮೆ. ಕುಬ್ಜ ಗೆಲಾಕ್ಸಿಯ ಗುರುತ್ವ ಬಲ ಕಡಿಮೆ. ಅಲ್ಲಿ ನಕ್ಷತ್ರವೊಂದು ಸ್ಫೋಟಗೊಂಡರೆ ಹೊಸದಾಗಿ ತಯಾರಾದ ಧಾತುಗಳ ದೊಡ್ಡ ಪಾಲು ಗೆಲಾಕ್ಸಿಯನ್ನೇ ಬಿಟ್ಟು ಹಾರಿಹೋಗುತ್ತದೆ. ಆಕಾಶಗಂಗೆಯಂಥ ದೊಡ್ಡದು ಅದನ್ನು ಹಿಡಿದಿಟ್ಟುಕೊಳ್ಳುತ್ತದೆ. ಗೆಲಾಕ್ಸಿ ಚಿಕ್ಕದಾದಷ್ಟೂ ಅದರ ನಕ್ಷತ್ರಗಳಲ್ಲಿ ಸರಾಸರಿ ಕಬ್ಬಿಣ ಕಡಿಮೆ ಎಂಬುದು ಅಳತೆಯಿಂದ ಸ್ಪಷ್ಟವಾಗಿದೆ. ಹೋಲಿಕೆ ಎಲ್ಲಿ ಮುರಿಯುತ್ತದೆ ಎಂಬುದನ್ನೂ ಹೇಳಿಬಿಡಬೇಕು: ತೋಟದ ಮಣ್ಣನ್ನು ಕೊಚ್ಚುವುದು ಹೊರಗಿನಿಂದ ಬಂದ ಮಳೆ, ಕುಬ್ಜ ಗೆಲಾಕ್ಸಿಯ ಧಾತುಗಳನ್ನು ಹೊರದಬ್ಬುವುದು ಅವುಗಳನ್ನು ತಯಾರಿಸಿದ ಸ್ಫೋಟವೇ.

ಸೂರ್ಯನಲ್ಲಿ ಹತ್ತು ಲಕ್ಷ ಹೈಡ್ರೋಜನ್ ಪರಮಾಣುಗಳಿಗೆ ಕಬ್ಬಿಣದ ಪರಮಾಣುಗಳು ಸುಮಾರು 30. ಕುಬ್ಜ ಗೆಲಾಕ್ಸಿಗಳಲ್ಲಿ ನೂರು ಕೋಟಿಗೆ 30 ಇರುವ ನಕ್ಷತ್ರಗಳು ಸಿಕ್ಕಿವೆ. ಸ್ಕಲ್ಪ್ಟರ್‌ನಲ್ಲಿ ಸೂರ್ಯನ ಹತ್ತು ಸಾವಿರದಲ್ಲೊಂದು ಭಾಗದಷ್ಟೂ ಕಬ್ಬಿಣವಿಲ್ಲದ ನಕ್ಷತ್ರವೊಂದರ ವರದಿ 2021ರಲ್ಲಿ ಬಂತು.

ಒಟ್ಟು ಕಬ್ಬಿಣ ಎಷ್ಟು ಎನ್ನುವುದಕ್ಕಿಂತ ಎರಡು ಧಾತುಗಳ ಪ್ರಮಾಣ ಹೆಚ್ಚು ಹೇಳುತ್ತದೆ. ಮೆಗ್ನೀಸಿಯಂ ಮತ್ತು ಕಬ್ಬಿಣವನ್ನು ತೆಗೆದುಕೊಳ್ಳಿ. ಸೂರ್ಯನಿಗಿಂತ ಎಂಟು ಪಟ್ಟಿಗೂ ಹೆಚ್ಚು ರಾಶಿಯ ದೈತ್ಯ ನಕ್ಷತ್ರಗಳು ಮೂರು-ನಾಲ್ಕು ಕೋಟಿ ವರ್ಷದೊಳಗೆ ಸ್ಫೋಟಿಸಿ ಮುಗಿಯುತ್ತವೆ. ಅವು ಆಕ್ಸಿಜನ್, ಮೆಗ್ನೀಸಿಯಂ, ಕ್ಯಾಲ್ಸಿಯಂಗಳನ್ನು ಧಾರಾಳವಾಗಿ, ಕಬ್ಬಿಣವನ್ನು ಸ್ವಲ್ಪವಾಗಿ ಕೊಡುತ್ತವೆ. ಶ್ವೇತಕುಬ್ಜ ನಕ್ಷತ್ರಗಳ ಸ್ಫೋಟ ತಡವಾಗಿ ಶುರುವಾಗುತ್ತದೆ. ಹಲವು ಕೋಟಿ ವರ್ಷದಿಂದ ಹಿಡಿದು ನೂರಾರು ಕೋಟಿ ವರ್ಷಗಳವರೆಗೂ ನಡೆಯುತ್ತಿರುತ್ತದೆ. ಅದು ಕೊಡುವುದು ಮುಖ್ಯವಾಗಿ ಕಬ್ಬಿಣ. ಒಂದೇ ನೆಲದಲ್ಲಿ ತಿಂಗಳಿಗೆ ಬರುವ ಸೊಪ್ಪೂ, ಮೂರು-ನಾಲ್ಕು ವರ್ಷಕ್ಕೆ ಫಲ ಕೊಡುವ ಕಾಫಿಯೂ ಬೆಳೆಯುವಂತೆ. ಬರೀ ಸೊಪ್ಪು ಮಾರಿದ ಲೆಕ್ಕವಿದ್ದರೆ ತೋಟ ಹೊಸದು. ಕಾಫಿಯ ಲೆಕ್ಕ ಸೇರತೊಡಗಿದರೆ ಇಷ್ಟು ವರ್ಷ ಕಳೆದಿದೆ ಎಂದು ತಿಳಿಯುತ್ತದೆ.

ಆಕಾಶಗಂಗೆಯಲ್ಲಿ ಕಬ್ಬಿಣಕ್ಕೆ ಹೋಲಿಸಿದ ಮೆಗ್ನೀಸಿಯಂ ಪ್ರಮಾಣ ಇಳಿಯತೊಡಗುವುದು ಕಬ್ಬಿಣವು ಸೂರ್ಯನ ಹತ್ತರಲ್ಲೊಂದು ಮಟ್ಟ ತಲುಪಿದ ಮೇಲೆ. ಸ್ಕಲ್ಪ್ಟರ್‌ನಲ್ಲಿ ಸೂರ್ಯನ ಅರವತ್ತರಲ್ಲೊಂದು ಮಟ್ಟದ ಹತ್ತಿರದಲ್ಲೇ ಇಳಿಯುತ್ತದೆ. ಎಂದರೆ ಶ್ವೇತಕುಬ್ಜಗಳ ಸ್ಫೋಟ ಶುರುವಾಗುವ ಹೊತ್ತಿಗೆ ನಮ್ಮ ಗೆಲಾಕ್ಸಿ ಸಾಕಷ್ಟು ಕಬ್ಬಿಣ ಕೂಡಿಹಾಕಿತ್ತು, ಸ್ಕಲ್ಪ್ಟರ್ ಇನ್ನೂ ಬಡವಾಗಿಯೇ ಇತ್ತು. ಅಲ್ಲಿ ನಕ್ಷತ್ರಗಳು ಹುಟ್ಟಿದ್ದು ನಿಧಾನವಾಗಿ, ಹುಟ್ಟಿ ಸತ್ತವುಗಳ ಸಂಪತ್ತು ಸೋರಿದ್ದು ಬಹಳ. ಈ ವ್ಯತ್ಯಾಸ ಬೇರೆ ಕಡೆಯೂ ಕೆಲಸಕ್ಕೆ ಬಂತು. ಸುಮಾರು ಸಾವಿರ ಕೋಟಿ ವರ್ಷಗಳ ಹಿಂದೆ ಆಕಾಶಗಂಗೆ ನುಂಗಿದ ಒಂದು ಗೆಲಾಕ್ಸಿಯ ನಕ್ಷತ್ರಗಳು ನಮ್ಮ ನಡುವೆಯೇ ಚದುರಿ ಹೋಗಿವೆ ಎಂದು 2018ರಲ್ಲಿ ಗೊತ್ತಾದಾಗ, ಅವುಗಳ ಚಲನೆಯ ಜೊತೆಗೆ ಈ ಪ್ರಮಾಣವೂ ಸಾಕ್ಷಿ ಹೇಳಿತು. ಊರು ಬಿಟ್ಟು ಬಂದವರ ಮಾತಿನಲ್ಲಿ ಹಳೆಯ ಊರಿನ ಧಾಟಿ ಉಳಿದಿರುತ್ತದಲ್ಲ, ಹಾಗೆ.

ಚಿನ್ನದ ಬಗ್ಗೆ ಒಂದು ಮಾತು, ಮಕ್ಕಳು ಕೇಳಿಯೇ ಕೇಳುತ್ತಾರೆ. ಚಿನ್ನ ಎಲ್ಲಿಂದ ಬರುತ್ತದೆ ಎಂದರೆ ನಮ್ಮ ಮಕ್ಕಳ ಮೊದಲ ಉತ್ತರ ಕೆಜಿಎಫ್. ಕೋಲಾರದ ಬಂಡೆಗೆ ಎಲ್ಲಿಂದ ಬಂತು ಎಂದು ಮುಂದಕ್ಕೆ ಕೇಳಬೇಕು. 2015ರಲ್ಲಿ ಪತ್ತೆಯಾದ ರೆಟಿಕ್ಯುಲಮ್ 2 ಎಂಬ ತೀರಾ ಪುಟ್ಟ ಗೆಲಾಕ್ಸಿಯಲ್ಲಿ ರೋಹಿತ ತೆಗೆದ ಒಂಬತ್ತು ನಕ್ಷತ್ರಗಳಲ್ಲಿ ಏಳರಲ್ಲಿ ಯುರೋಪಿಯಂ, ಬೇರಿಯಂನಂಥ ಅತಿ ಭಾರದ ಧಾತುಗಳು ಆಶ್ಚರ್ಯ ಪಡುವಷ್ಟು ಹೆಚ್ಚಿದ್ದವು. ಅಂಥದೇ ಬೇರೆ ಪುಟ್ಟ ಗೆಲಾಕ್ಸಿಗಳಲ್ಲಿ ಅವು ಇಲ್ಲವೆನ್ನುವಷ್ಟು ಕಡಿಮೆ. ಎಲ್ಲ ಸೂಪರ್‌ನೋವಾಗಳೂ ಇವುಗಳನ್ನು ತಯಾರಿಸುತ್ತಿದ್ದರೆ ಎಲ್ಲ ಕಡೆಯೂ ಸ್ವಲ್ಪ ಸ್ವಲ್ಪ ಇರಬೇಕಿತ್ತು. ಅಪರೂಪಕ್ಕೆ ನಡೆಯುವ ಒಂದೇ ಒಂದು ದೊಡ್ಡ ಘಟನೆ ಆ ಗೆಲಾಕ್ಸಿಯ ಅನಿಲವನ್ನೆಲ್ಲ ಬದಲಿಸಿತು ಎಂದು 2016ರಲ್ಲಿ ಸಂಶೋಧಕರು ತೀರ್ಮಾನಿಸಿದರು. ಮರುವರ್ಷ, 2017ರ ಆಗಸ್ಟ್ 17ರಂದು, ಎರಡು ನ್ಯೂಟ್ರಾನ್ ನಕ್ಷತ್ರಗಳು ಡಿಕ್ಕಿ ಹೊಡೆದು ಒಂದಾದದ್ದನ್ನು ಗುರುತ್ವ ಅಲೆಗಳಲ್ಲೂ ಬೆಳಕಿನಲ್ಲೂ ಕಂಡರು. ಆ ಬೆಳಕಿನಲ್ಲಿ ಅತಿ ಭಾರದ ಧಾತುಗಳು ತಯಾರಾಗುತ್ತಿದ್ದ ಗುರುತಿತ್ತು. ಚಿನ್ನವೂ ಇದೇ ಬಗೆಯ ಧಾತು.

ಇಷ್ಟನ್ನೂ ತರಗತಿಯಲ್ಲಿ ಹೇಳಿದರೆ ಕತೆಯಂತೆ ಕೇಳಿಸುತ್ತದೆ, ಕಣ್ಣಿಗೆ ಏನೂ ಕಾಣುವುದಿಲ್ಲ. ಅದಕ್ಕೇ ಒಮೇಗಾ ಸೆಂಟಾರಿಯ ಬಗ್ಗೆ ಸ್ವಲ್ಪ ಹೆಚ್ಚು ಬರೆಯುತ್ತೇನೆ. ಅದು ಅರೇಹಳ್ಳಿಯಿಂದ ಬರಿಗಣ್ಣಿಗೆ ಕಾಣುತ್ತದೆ.

ಏಪ್ರಿಲ್ ಕೊನೆಯ ವಾರ ರಾತ್ರಿ ಹನ್ನೊಂದೂವರೆಯ ಹೊತ್ತಿಗೆ ಮೋಡವಿಲ್ಲದಿದ್ದರೆ ನೇರ ದಕ್ಷಿಣಕ್ಕೆ ನೋಡಿ. ತ್ರಿಶಂಕುವಿನ ಎಡಗಡೆ ಎರಡು ಪ್ರಕಾಶಮಾನ ನಕ್ಷತ್ರಗಳಿರುತ್ತವೆ, ಆಲ್ಫಾ ಮತ್ತು ಬೀಟಾ ಸೆಂಟಾರಿ. ತ್ರಿಶಂಕುವಿಗೆ ಹತ್ತಿರ ಇರುವುದು ಬೀಟಾ. ಅಲ್ಲಿಂದ ಮೇಲಕ್ಕೆ ಎಪ್ಸಿಲಾನ್ ಸೆಂಟಾರಿಗೆ ಗೆರೆ ಎಳೆದು ಅಷ್ಟೇ ದೂರ ಮುಂದುವರಿಸಿದರೆ, ದಿಗಂತದಿಂದ ಸುಮಾರು 30 ಡಿಗ್ರಿ ಎತ್ತರದಲ್ಲಿ ಒಂದು ಮಸುಕು ಚುಕ್ಕೆ. ಬೈನಾಕ್ಯುಲರ್‌ನಲ್ಲಿ ಹತ್ತಿಯ ಉಂಡೆಯಂತೆ ಕಾಣುತ್ತದೆ. ಸಿಲ್ವರ್ ಓಕ್ ಮರಗಳ ಸಾಲು ದಕ್ಷಿಣಕ್ಕೆ ಅಡ್ಡವಿಲ್ಲದ ಜಾಗ ಹುಡುಕಿಕೊಳ್ಳಬೇಕು. ಟಾಲೆಮಿ ಅದನ್ನು ಒಂದು ನಕ್ಷತ್ರ ಎಂದೇ ಪಟ್ಟಿ ಮಾಡಿದ್ದ. ನಕ್ಷತ್ರವಲ್ಲ ಎಂದು 1677ರಲ್ಲಿ ಗಮನಿಸಿದವರು ಎಡ್ಮಂಡ್ ಹ್ಯಾಲಿ, ಅದೂ ದಕ್ಷಿಣದ ಸೇಂಟ್ ಹೆಲೆನಾ ದ್ವೀಪಕ್ಕೆ ಹೋಗಿದ್ದಾಗ. ಇಂಗ್ಲೆಂಡಿನಿಂದ ಅದು ಕಾಣುವುದೇ ಇಲ್ಲ.

ಅದರಲ್ಲಿ ಸುಮಾರು ಒಂದು ಕೋಟಿ ನಕ್ಷತ್ರಗಳಿವೆ, ದೂರ 17,000 ಜ್ಯೋತಿರ್ವರ್ಷ. ಬಹಳ ಕಾಲ ಅದನ್ನು ಗೋಳಾಕಾರದ ತಾರಾಗುಚ್ಛಗಳ ಪೈಕಿ ಅತಿ ದೊಡ್ಡದು ಎಂದಷ್ಟೇ ಪರಿಗಣಿಸಿದ್ದರು. ಸಾಮಾನ್ಯ ತಾರಾಗುಚ್ಛದಲ್ಲಿ ಎಲ್ಲ ನಕ್ಷತ್ರಗಳಲ್ಲೂ ಕಬ್ಬಿಣದ ಪ್ರಮಾಣ ಬಹುತೇಕ ಒಂದೇ. ಒಂದೇ ಪಾತ್ರೆಯಲ್ಲಿ ಬೆಂದ ಅನ್ನದಂತೆ. ಒಮೇಗಾ ಸೆಂಟಾರಿಯಲ್ಲಿ ಅದು ಸೂರ್ಯನ ನೂರರಲ್ಲೊಂದರಿಂದ ಐದರಲ್ಲೊಂದರವರೆಗೆ ಹರಡಿದೆ. ಹಲವು ಪೀಳಿಗೆಗಳು ಅಲ್ಲೇ ಹುಟ್ಟಿ, ಸತ್ತು, ಮಣ್ಣು ಸೇರಿವೆ ಎಂದರ್ಥ. ಈ ಕಾರಣದಿಂದ ಅದು ಆಕಾಶಗಂಗೆ ನುಂಗಿದ ಕುಬ್ಜ ಗೆಲಾಕ್ಸಿಯೊಂದರ ನಡುಗಂಬ, ಹೊರಗಿನದೆಲ್ಲ ಕಳಚಿಹೋಗಿ ಉಳಿದ ತಿರುಳು ಎಂಬ ಅಭಿಪ್ರಾಯ ಬಲವಾಗಿದೆ. ಅದರ ನಡುವೆ ಸೂರ್ಯನಿಗಿಂತ ಕನಿಷ್ಠ 8,200 ಪಟ್ಟು ರಾಶಿಯ ಕಪ್ಪುಕುಳಿ ಇರುವುದಕ್ಕೆ 2024ರಲ್ಲಿ ಸಿಕ್ಕ ಪುರಾವೆಯೂ ಇದಕ್ಕೆ ಹೊಂದುತ್ತದೆ.

ಈಗ ಬೆಂಗಳೂರಿಗೆ ಬರೋಣ. ಕೋರಮಂಗಲದಲ್ಲಿರುವ ಭಾರತೀಯ ಖಭೌತ ಸಂಸ್ಥೆಯ ವೀಕ್ಷಣಾಲಯ ತಮಿಳುನಾಡಿನ ಜವಾದಿ ಬೆಟ್ಟಗಳಲ್ಲಿ, ಕಾವಲೂರಿನಲ್ಲಿದೆ. ಅಲ್ಲಿನ 2.34 ಮೀಟರ್ ವೈನು ಬಪ್ಪು ದೂರದರ್ಶಕ 1986ರಿಂದ ಕೆಲಸ ಮಾಡುತ್ತಿದೆ. ಕಾವಲೂರು ನಮ್ಮ ಹಾಸನ ಜಿಲ್ಲೆಯ ಅಕ್ಷಾಂಶಕ್ಕೆ ಹತ್ತಿರದಲ್ಲೇ ಇರುವುದರಿಂದ ಒಮೇಗಾ ಸೆಂಟಾರಿ ಅಲ್ಲಿಗೂ ಚೆನ್ನಾಗಿ ಕಾಣುತ್ತದೆ. ಬಿ. ಪಿ. ಹೇಮಾ ಮತ್ತು ಗಜೇಂದ್ರ ಪಾಂಡೆ ಎಂಬ ಇಬ್ಬರು ವಿಜ್ಞಾನಿಗಳು ಅದರ ಕೆಂಪು ದೈತ್ಯ ನಕ್ಷತ್ರಗಳ ರೋಹಿತಗಳನ್ನು ಪರಿಶೀಲಿಸಿ 2014ರಲ್ಲಿ ಒಂದು ಫಲಿತಾಂಶ ಪ್ರಕಟಿಸಿದರು.

ಅವರು ನೋಡಿದ್ದು ರೋಹಿತದ ಹಸಿರು ಭಾಗ. ಅಲ್ಲಿ ಮೆಗ್ನೀಸಿಯಂ ಪರಮಾಣುವಿನ ಮೂರು ಗೆರೆಗಳು ಅಕ್ಕಪಕ್ಕದಲ್ಲಿವೆ, 517 ಮತ್ತು 518 ನ್ಯಾನೋಮೀಟರ್ ಆಸುಪಾಸು. ಅದೇ ಜಾಗದಲ್ಲಿ ಮೆಗ್ನೀಸಿಯಂ ಹೈಡ್ರೈಡ್ ಎಂಬ ಅಣುವಿನ ಅಗಲವಾದ ಪಟ್ಟಿಯೂ ಇದೆ. ಒಂದು ಮೆಗ್ನೀಸಿಯಂ, ಒಂದು ಹೈಡ್ರೋಜನ್ ಸೇರಿ ಆದ ಅಣು ಅದು. ತಣ್ಣಗಿರುವ ಕೆಂಪು ದೈತ್ಯಗಳಲ್ಲಿ ಉಳಿಯಬಲ್ಲದು. ನಾಲ್ಕು ನಕ್ಷತ್ರಗಳಲ್ಲಿ ಈ ಪಟ್ಟಿ ಇರಬೇಕಾದುದಕ್ಕಿಂತ ಬಹಳ ಕ್ಷೀಣವಾಗಿತ್ತು, ಅಥವಾ ಕಾಣಲೇ ಇಲ್ಲ.

ನಮ್ಮ ಚಾರ್ಟಿನ ನಿಯಮ ಹಿಡಿದರೆ ಉತ್ತರ ಒಂದೇ ಸಾಲು: ಪಟ್ಟಿ ಕ್ಷೀಣ, ಆದ್ದರಿಂದ ಮೆಗ್ನೀಸಿಯಂ ಕಡಿಮೆ. ಅವರು ಅಲ್ಲಿಗೆ ನಿಲ್ಲಿಸಲಿಲ್ಲ. ನಕ್ಷತ್ರ ಹೆಚ್ಚು ಬಿಸಿಯಿದ್ದರೆ ಅಣು ಒಡೆಯಬಹುದಿತ್ತು, ಆದರೆ ಈ ನಕ್ಷತ್ರಗಳ ತಾಪ ಮೊದಲೇ ಚೆನ್ನಾಗಿ ನಿರ್ಧಾರವಾಗಿತ್ತು. ಆ ತಾಪದಲ್ಲಿ ಪಟ್ಟಿ ಕಾಣಬೇಕಿತ್ತು. ಮೆಗ್ನೀಸಿಯಂ ನಿಜಕ್ಕೂ ಅಷ್ಟು ಕಡಿಮೆಯಿದ್ದರೆ ಪಕ್ಕದಲ್ಲಿರುವ ಪರಮಾಣುವಿನ ಮೂರು ಗೆರೆಗಳೂ ಕ್ಷೀಣಿಸಬೇಕಿತ್ತು. ಅವು ಹಾಗೆ ಕ್ಷೀಣಿಸಿರಲಿಲ್ಲ. ಉಳಿದದ್ದು ಒಂದೇ ದಾರಿ: ಜೋಡಿಯ ಇನ್ನೊಂದು ಭಾಗ, ಹೈಡ್ರೋಜನ್, ಕಡಿಮೆಯಿದೆ. ನಕ್ಷತ್ರದಲ್ಲಿ ಹೈಡ್ರೋಜನ್ ಕಡಿಮೆಯೆಂದರೆ ಆ ಜಾಗದಲ್ಲಿ ಹೀಲಿಯಂ ಹೆಚ್ಚಿದೆ ಎಂದೇ ಭಾವಿಸಬೇಕು. ಒಮೇಗಾ ಸೆಂಟಾರಿಯ ಕೆಲವು ನಕ್ಷತ್ರಗಳಲ್ಲಿ ಹೀಲಿಯಂ ಹೆಚ್ಚಿರಬೇಕೆಂಬ ಸುಳಿವು ಅವುಗಳ ಬಣ್ಣ ಮತ್ತು ಪ್ರಕಾಶದ ಅಳತೆಗಳಿಂದ ಹತ್ತು ವರ್ಷ ಮೊದಲೇ ಸಿಕ್ಕಿತ್ತು. ಇಲ್ಲಿ ರೋಹಿತದ ಕಡೆಯಿಂದ ಅದಕ್ಕೆ ಬೆಂಬಲ ಬಂತು. ಹೀಲಿಯಂ ಹೆಚ್ಚಿರುವ ಪೀಳಿಗೆ ಬೇರೆ ಕೆಲವು ತಾರಾಗುಚ್ಛಗಳಲ್ಲೂ ಇದೆ, ಆದ್ದರಿಂದ ಅದೊಂದನ್ನೇ ಕುಬ್ಜ ಗೆಲಾಕ್ಸಿಯ ಗುರುತು ಎನ್ನಲಾಗದು. ಆ ಗುರುತು ಕಬ್ಬಿಣದ ಹರಡುವಿಕೆಯಲ್ಲಿದೆ.

ಇದನ್ನು ಓದಿ ಮುಗಿಸಿದಾಗ ನನಗೆ ಅರೇಹಳ್ಳಿಯ ಆ ಹುಡುಗನೇ ನೆನಪಾದ. ಗೆರೆ ಹೀಗಿದೆ, ಆದರೆ ಧಾತು ಹಾಗಿದೆ ಎನ್ನುತ್ತೀರಿ, ನಡುವೆ ಏನಾಯಿತು ಎಂಬುದೇ ಅವನ ಪ್ರಶ್ನೆಯಾಗಿತ್ತು.

ಬೋಧನಾಭ್ಯಾಸದ ಕೊನೆಯ ವಾರ ಪ್ರಶಿಕ್ಷಣಾರ್ಥಿಯೂ ನಾನೂ ಸೇರಿ ಒಂದು ಪಿರಿಯಡ್ ಕೇಳಿ ಪಡೆದೆವು. ಪಾಠಯೋಜನೆಯ ನಮೂನೆಯಲ್ಲಿ ಅದಕ್ಕೆ ಜಾಗವಿರಲಿಲ್ಲ, ಹಾಗಾಗಿ ನಮೂನೆಯಿಲ್ಲದೆಯೇ ಬರೆದುಕೊಂಡೆವು. ಆಕೆ ಮೊದಲಿಗೆ "ಹೋದ ಸಲ ನಾನು ಹೇಳಿದ ಒಂದು ಮಾತು ತಪ್ಪಾಗಿತ್ತು, ಅದನ್ನು ಕಂಡುಹಿಡಿದದ್ದು ನಿಮ್ಮಲ್ಲೊಬ್ಬ" ಎಂದು ಶುರುಮಾಡಿದರು. ಕೈ ಎತ್ತಿಸುವ ಆಟ ಆಡಿಸಿದರು, ಸುಲಭದ ಪ್ರಶ್ನೆಗೊಂದು, ಕಷ್ಟದ್ದಕ್ಕೊಂದು ಎಣಿಕೆ. ಆಮೇಲೆ ಐದು ಮತ್ತು ಎರಡು ಸಾವಿರದ ಲೆಕ್ಕ. ಕೊನೆಗೆ ಬೀಗ ಮತ್ತು ಕೀಲಿಗಳ ಚಿತ್ರವಿದ್ದ ರಟ್ಟಿನ ಕಾರ್ಡುಗಳನ್ನು ಗುಂಪುಗಳಿಗೆ ಹಂಚಿ, ಜೋಡಿ ಮಾಡಲು ಹೇಳಿದರು. ಒಂದು ಗುಂಪಿಗೆ ಜೋಡಿ ಬಹಳ ಕಡಿಮೆ ಆದವು, ಬೀಗಗಳು ಮಾತ್ರ ಎಲ್ಲರಷ್ಟೇ ಇದ್ದವು. ಏನು ಕೊರತೆ ಎಂದು ಹೇಳಲು ಆ ಗುಂಪಿನ ಹುಡುಗಿಯರಿಗೆ ಅರ್ಧ ನಿಮಿಷ ಸಾಕಾಯಿತು. ಬೀಗ ಮೆಗ್ನೀಸಿಯಂ, ಕೀಲಿ ಹೈಡ್ರೋಜನ್ ಎಂದು ಹಲಗೆಯ ಮೇಲೆ ಬರೆದು, ಕಾವಲೂರಿನ ನಾಲ್ಕು ನಕ್ಷತ್ರಗಳ ಕತೆ ಹೇಳಿದರು. ಸಿಡಿ ತುಂಡಿನಿಂದ ಮಾಡಿದ ರೋಹಿತದರ್ಶಕವನ್ನೂ ತಂದಿದ್ದೆವು. ಸುಣ್ಣದ ಗೋಡೆಯ ಮೇಲಿನ ಬಿಸಿಲನ್ನು ಅದರಲ್ಲಿ ನೋಡಿದಾಗ ಬಣ್ಣಗಳು ಚೆನ್ನಾಗಿ ಕಂಡವು, ಕಪ್ಪು ಗೆರೆಗಳು ಕಾಣಲಿಲ್ಲ. ಸೀಳುಗಂಡಿ ಅಗಲವಾಗಿತ್ತು. ಮಾಡುವವರು ಎರಡು ಬ್ಲೇಡುಗಳ ಅಂಚನ್ನು ಕೂದಲೆಳೆ ಅಂತರದಲ್ಲಿ ಅಂಟಿಸಿಕೊಳ್ಳಿ; ಸೂರ್ಯನ ಕಡೆಗೆ ನೇರವಾಗಿ ತಿರುಗಿಸಲು ಮಕ್ಕಳನ್ನು ಬಿಡಲೇಬೇಡಿ.

ಗಂಟೆ ಹೊಡೆಯುವ ಹೊತ್ತಿಗೆ ಅದೇ ಹುಡುಗ ಮತ್ತೆ ಎದ್ದ. "ಹೀಲಿಯಂ ಜಾಸ್ತಿ ಐತೆ ಅಂತ ಸುತ್ತಿ ಬಳಸಿ ಯಾಕ್ ಹೇಳ್ಬೇಕು ಸರ್? ಹೀಲಿಯಂ ಗೆರೆನೇ ನೋಡ್ಬೋದಿತ್ತಲ್ಲ?" ಈ ಸಲ ಪ್ರಶ್ನೆ ನನ್ನ ಕಡೆ ಬಂತು. "ಗೊತ್ತಿಲ್ಲ, ನೋಡಿ ಹೇಳ್ತೀನಿ" ಎಂದೆ.

ನೋಡಿದೆ. ಹೀಲಿಯಂನ ಎಲೆಕ್ಟ್ರಾನನ್ನು ಮೇಲಿನ ಕವಚಕ್ಕೆ ಏರಿಸಲು ಹೈಡ್ರೋಜನ್‌ಗಿಂತಲೂ ಎರಡು ಪಟ್ಟಿನಷ್ಟು ಶಕ್ತಿ ಬೇಕು. ಕೆಂಪು ದೈತ್ಯಗಳು ಸೂರ್ಯನಿಗಿಂತ ತಣ್ಣಗಿರುವುದರಿಂದ ಕಣ್ಣಿಗೆ ಕಾಣುವ ಬೆಳಕಿನಲ್ಲಿ ಅದು ಕೈ ಎತ್ತುವುದೇ ಇಲ್ಲ. ಹೀಲಿಯಂ ಮೊದಲು ಗುರುತಿಗೆ ಸಿಕ್ಕಿದ್ದು ಸೂರ್ಯನ ಅಂಚಿನ ಬಿಸಿ ಜ್ವಾಲೆಗಳಲ್ಲಿ, 1868ರಲ್ಲಿ. ಆ ವರ್ಷದ ಆಗಸ್ಟ್ 18ರ ಪೂರ್ಣ ಸೂರ್ಯಗ್ರಹಣದ ಹಾದಿ ನಮ್ಮ ಉತ್ತರ ಕರ್ನಾಟಕದ ಮೇಲೆ ಹಾದುಹೋಯಿತು. ಲಂಡನ್ನಿನ ರಾಯಲ್ ಸೊಸೈಟಿಯ ಪರವಾಗಿ ಜಾನ್ ಹರ್ಷೆಲ್ ಎಂಬ ಸೇನಾ ಅಧಿಕಾರಿ ಜಮಖಂಡಿಯಲ್ಲಿ ರೋಹಿತದರ್ಶಕ ಹೂಡಿ ಕುಳಿತಿದ್ದರು. ಆ ಜ್ವಾಲೆಯಲ್ಲಿ ಅವರಿಗೆ ಕಂಡ ಮೂರು ಗೆರೆಗಳಲ್ಲಿ ಒಂದು ಕಿತ್ತಳೆ ಬಣ್ಣದ್ದು. ಅದನ್ನು ಅವರು ಸೋಡಿಯಂನ ಗೆರೆ ಎಂದೇ ತಿಳಿದರು. ಅದು ಸೋಡಿಯಂನದಲ್ಲ, ಪಕ್ಕದಲ್ಲೇ ಇರುವ ಬೇರೆ ಗೆರೆ ಎಂದು ಅದೇ ವರ್ಷ ಇಂಗ್ಲೆಂಡಿನಲ್ಲಿ ಲಾಕಿಯರ್ ಅಳೆದು ಹೇಳಿದರು. ಅದರ ಧಾತುವಿಗೆ ಹೀಲಿಯಂ ಎಂಬ ಹೆಸರು ಬಂತು.

ಕೆಂಪು ದೈತ್ಯಗಳ ಮೇಲ್ಮೈಗಿಂತ ಹೊರಗಿನ ತೆಳು ಪದರ ಬಿಸಿಯಿರುತ್ತದೆ. ಅಲ್ಲಿನ ಹೀಲಿಯಂ ಒಂದು ಗೆರೆ ಮೂಡಿಸುತ್ತದೆ, ಆದರೆ ಅದು 1,083 ನ್ಯಾನೋಮೀಟರ್‌ನಲ್ಲಿ, ಅವಕೆಂಪು ಭಾಗದಲ್ಲಿ, ಕಣ್ಣಿಗೆ ಕಾಣದ ಕಡೆ. ಒಮೇಗಾ ಸೆಂಟಾರಿಯ ಕೆಲವು ದೈತ್ಯಗಳಲ್ಲಿ ಆ ಗೆರೆಯನ್ನು ಹಿಡಿದ ವರದಿ 2011ರಲ್ಲಿ ಬಂದಿದೆ. ಹುಡುಗ ಕೇಳಿದ್ದು ಆಗುವ ಕೆಲಸವೇ. ಇಷ್ಟನ್ನು ಒಂದು ಹಾಳೆಯಲ್ಲಿ ಬರೆದು ಅವನ ತರಗತಿ ಶಿಕ್ಷಕರಿಗೆ ಕಳಿಸಿದ್ದೇನೆ, ಜೊತೆಗೆ ಏಪ್ರಿಲ್ ಆಕಾಶದ ಒಂದು ನಕ್ಷೆ. ವೀಕ್ಷಣಾ ಪುಸ್ತಕದ ಹಳೆಯ ಷರಾವನ್ನು ಹೊಡೆದುಹಾಕಿ ಸಹಿ ಮಾಡಿದೆ.